17:17:17 ಗೊಬ್ಬರ: ಕರಾವಳಿಯ ತರಕಾರಿ ಗದ್ದೆಗೆ ಎಷ್ಟರ ಮಟ್ಟಿಗೆ ಸರಿ?

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಭತ್ತ ಕೊಯ್ದ ಗದ್ದೆಯಲ್ಲಿ ನೀರು ಹಾಯಿಸಿ ಬೆಳೆಯುವ ಬೆಂಡೆ, ಸೌತೆ, ಹೀರೆ, ಮೆಣಸಿಗೆ ಬುಡಗೊಬ್ಬರವಾಗಿ, ಅಂದರೆ ಬಿತ್ತುವ ಹೊತ್ತಿಗೆ ಹಾಕಲು, 17:17:17 (ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇಕಡಾ 17 ಇರುವ ಗೊಬ್ಬರ) ಒಳ್ಳೆಯದು. ಅದನ್ನೇ ಗಿಡ ಎದ್ದ ಮೇಲೆ ಮೇಲುಗೊಬ್ಬರ ಮಾಡಿದರೆ ದಂಡ. ಮಳೆಗಾಲದ ತರಕಾರಿಗೆ ಒಂದೇ ಸಲ ಎರಚಿದಿರೋ, ದೊಡ್ಡ ಪಾಲು ಹಳ್ಳ ಸೇರುತ್ತದೆ. ಹಲವು ಹಂಗಾಮು ಬಳಸಿದ ಮೇಲೆ ಬಂದ ಅಭಿಪ್ರಾಯ ಇದು. ಅಂಕೋಲಾ, ಗೋಕರ್ಣ, ಕುಮಟಾ, ಕಾರವಾರದ ಉಸುಕು ಬೆರೆತ ಗದ್ದೆಗೂ ಚಿರೇಕಲ್ಲಿನ ಕೆಂಪು ಮಣ್ಣಿಗೂ ಹೊಂದುತ್ತದೆ. ಘಟ್ಟದ ಮೇಲೆ ಶಿರಸಿ ಕಡೆ ವರ್ಷವರ್ಷವೂ ಸೊಪ್ಪು, ದರಕು (ಒಣಗಿದ ತರಗೆಲೆ), ಕೊಟ್ಟಿಗೆ ಗೊಬ್ಬರ ಬಿದ್ದ ಮಣ್ಣಿಗೆ ಇಲ್ಲಿಯ ಪ್ರಮಾಣ ಹೆಚ್ಚಾದೀತು.

ಕೊಳ್ಳುವಾಗ ನೋಡಬೇಕಾದ್ದು ಅಂಕಿ, ಹೆಸರಲ್ಲ. 2022ರ ಅಕ್ಟೋಬರಿನಿಂದ ಸಬ್ಸಿಡಿ ಗೊಬ್ಬರಗಳೆಲ್ಲ ‘ಭಾರತ್’ ಎಂಬ ಒಂದೇ ಹೆಸರಿನಲ್ಲಿ ಬರುತ್ತಿವೆ. ಯಾವ ಕಂಪನಿಯದಾದರೂ ಚೀಲದ ಮೇಲೆ ದೊಡ್ಡದಾಗಿ ‘ಭಾರತ್ ಎನ್‌ಪಿಕೆ’ ಎಂದೇ ಇರುತ್ತದೆ. 17:17:17 ಕೇಳಿದವರ ಕೈಗೆ 20:20:0:13 ಬರುವುದು ಅಪರೂಪವಲ್ಲ. ಎರಡನೆಯದರಲ್ಲಿ ಮೂರನೇ ಅಂಕಿ ಸೊನ್ನೆ, ಅಂದರೆ ಪೊಟ್ಯಾಷ್ ಚೂರೂ ಇಲ್ಲ, ನಾಲ್ಕನೆಯದು ಗಂಧಕ. ಕಾಯಿ ಬಿಡುವ ತರಕಾರಿಗೆ ಪೊಟ್ಯಾಷ್ ಇಲ್ಲದ ಗೊಬ್ಬರ ಹಾಕಿ ಹಂಗಾಮು ಕಳೆದವರಿದ್ದಾರೆ. ಸೊಸೈಟಿಯಲ್ಲಿ ಹೆಬ್ಬೆಟ್ಟು ಒತ್ತಿ ಬಿಲ್ ತೆಗೆದುಕೊಳ್ಳುವಾಗಲೇ ಬಿಲ್ಲಿನ ಅಂಕಿ, ಚೀಲದ ಅಂಕಿ ಎರಡನ್ನೂ ತಾಳೆ ನೋಡಿ.

ಒಂದೇ ಅಂಕಿಯ ಗೊಬ್ಬರ ಎರಡು ರೀತಿಯಲ್ಲಿ ತಯಾರಾಗಬಹುದು. ಸಂಯುಕ್ತ ಗೊಬ್ಬರದಲ್ಲಿ ಒಂದೊಂದು ಕಾಳಿನಲ್ಲೂ ಮೂರೂ ಪೋಷಕಾಂಶ ಇರುತ್ತದೆ. ಕಾಳುಗಳ ಬಣ್ಣ, ಗಾತ್ರ ಹೆಚ್ಚುಕಡಿಮೆ ಒಂದೇ. ಬರೀ ಬೆರೆಸಿದ ಮಿಶ್ರ ಗೊಬ್ಬರವಾದರೆ ಬಿಳಿ ಯೂರಿಯಾ, ಕೆಂಪು ಪೊಟ್ಯಾಷ್, ಬೂದು ಅಥವಾ ಕಪ್ಪು ಬಣ್ಣದ ರಂಜಕದ ಕಾಳು ಬೇರೆಬೇರೆಯಾಗಿ ಕಾಣುತ್ತವೆ. ಮಿಶ್ರಣ ಕೆಟ್ಟದ್ದೆಂದಲ್ಲ. ಲಾರಿಯಲ್ಲಿ ಕುಲುಕಿ ಬರುವಾಗ ಸಣ್ಣ ಕಾಳು ತಳಕ್ಕಿಳಿದು ದಪ್ಪ ಕಾಳು ಮೇಲುಳಿಯುತ್ತದೆ, ತೊಡಕು ಅಷ್ಟೇ. ಚೀಲದ ಬಾಯಿಂದ ತೆಗೆದು ಹಾಕಿದ ಸಾಲಿಗೂ ತಳದಿಂದ ತೆಗೆದು ಹಾಕಿದ ಸಾಲಿಗೂ ಬೆಳೆಯಲ್ಲಿ ವ್ಯತ್ಯಾಸ ಕಾಣುವುದು ಇದರಿಂದಲೇ. ಮಿಶ್ರಣವೇ ಸಿಕ್ಕಿದರೆ ಇಡೀ ಚೀಲ ತಾಡಪಾಲಿನ ಮೇಲೆ ಸುರಿದು, ಸಲಿಕೆಯಿಂದ ಮಗುಚಿ ಬಳಸಿ.

ಇನ್ನು ಲೆಕ್ಕ. 50 ಕಿಲೋ ಚೀಲದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ತಲಾ 8.5 ಕಿಲೋ ಇರುತ್ತದೆ. ಹೆಕ್ಟೇರಿಗೆ ಸುಮಾರು ನೂರು ಗುಂಟೆಯಾದ್ದರಿಂದ ಶಿಫಾರಸನ್ನು ನೂರರಿಂದ ಭಾಗಿಸಿದರೆ ಗುಂಟೆಯ ಪ್ರಮಾಣ ಸಿಕ್ಕಿತು. ನಮ್ಮ ರಾಜ್ಯದಲ್ಲಿ ಬೆಂಡೆಗೆ ಹೇಳುವುದು ಹೆಕ್ಟೇರಿಗೆ 125:75:63 ಕಿಲೋ. ಗುಂಟೆಗೆ ಸಾರಜನಕ 1.25, ರಂಜಕ 0.75, ಪೊಟ್ಯಾಷ್ 0.63 ಕಿಲೋ ಆಯಿತು. ಲೆಕ್ಕವನ್ನು ಪೊಟ್ಯಾಷಿನಿಂದ ಶುರು ಮಾಡಿ, ಏಕೆಂದರೆ ಮೂರರಲ್ಲಿ ಕಡಿಮೆ ಬೇಕಾದ್ದು ಅದು. 3.7 ಕಿಲೋ 17:17:17 ಹಾಕಿದರೆ ಮೂರೂ 0.63 ಕಿಲೋ ಸಿಗುತ್ತದೆ. ರಂಜಕ 0.12 ಕಡಿಮೆ ಬಿತ್ತು. ಮುಕ್ಕಾಲು ಕಿಲೋ ಸೂಪರ್ ಫಾಸ್ಫೇಟ್ ಅದನ್ನು ತುಂಬುತ್ತದೆ. ಸಾರಜನಕದಲ್ಲಿ ಉಳಿದ 0.62 ಕಿಲೋಗೆ 1.35 ಕಿಲೋ ಯೂರಿಯಾ ಸಾಕು. ಅರ್ಧ ಸಾರಜನಕ, ಪೂರ್ತಿ ರಂಜಕ ಮತ್ತು ಪೊಟ್ಯಾಷ್ ಬುಡಕ್ಕೆ, ಉಳಿದ ಅರ್ಧ ಸಾರಜನಕ ಮೇಲುಗೊಬ್ಬರಕ್ಕೆ ಎಂಬ ವಾಡಿಕೆಗೆ ಈ ಲೆಕ್ಕ ಹೇಳಿ ಮಾಡಿಸಿದಂತೆ ಕೂಡುತ್ತದೆ. ಬೆಂಡೆಯ ವಿಷಯದಲ್ಲಿ ಈ ಗೊಬ್ಬರಕ್ಕೆ ಪೂರ್ತಿ ಅಂಕ ಕೊಡುವುದು ಇದಕ್ಕೇ.

ಬದನೆಗೆ ಇಷ್ಟು ಸಲೀಸಾಗಿ ಕೂಡುವುದಿಲ್ಲ. 125:100:50ರ ಶಿಫಾರಸಿನಲ್ಲಿ ರಂಜಕ ಪೊಟ್ಯಾಷಿನ ಎರಡರಷ್ಟು. ಸಮ ಅಂಕಿಯ ಗೊಬ್ಬರ ಹಾಕಿದರೆ ಗುಂಟೆಗೆ ಮತ್ತೆ ಮೂರು ಕಿಲೋ ಸೂಪರ್ ಫಾಸ್ಫೇಟ್ ಹೊರಬೇಕು. ಅದರ ಬದಲು ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಮತ್ತು ಕೆಂಪು ಪೊಟ್ಯಾಷ್ ಪ್ರತ್ಯೇಕ ತಂದು ಹಾಕುವುದೇ ಸರಳ.

60 × 30 ಸೆಂಟಿಮೀಟರ್ ಅಂತರದಲ್ಲಿ ಗುಂಟೆಗೆ ಸುಮಾರು 560 ಬೆಂಡೆ ಗಿಡ. ಗಿಡವೊಂದಕ್ಕೆ ಬರುವ ಪಾಲು ಆರೇಳು ಗ್ರಾಂ, ಒಂದು ಚಮಚಕ್ಕಿಂತ ತುಸು ಹೆಚ್ಚು. ನಮ್ಮಲ್ಲಿ ಬಹಳ ಜನ ಹಾಕುವುದು ಮುಷ್ಟಿಯಲ್ಲಿ. ನಿಮ್ಮ ಮುಷ್ಟಿಯನ್ನು ಒಮ್ಮೆ ತಕ್ಕಡಿಯಲ್ಲಿ ತೂಗಿ ನೋಡಿ, ಎಲೆಯ ಅಂಚು ಏಕೆ ಸುಟ್ಟಿತೆಂದು ಆಮೇಲೆ ಕೇಳಬೇಕಾಗಿಲ್ಲ. ಬೀಜಕ್ಕೆ ಗೊಬ್ಬರ ತಾಗಬಾರದು. ಬೀಜದ ಸಾಲಿನಿಂದ ನಾಲ್ಕು ಬೆರಳು ಆಚೆ, ನಾಲ್ಕು ಬೆರಳು ಆಳಕ್ಕೆ ಗೀರು ತೆಗೆದು ಹಾಕಿ ಮಣ್ಣು ಮುಚ್ಚಬೇಕು. ಮೇಲೆ ಎರಚಿ ಬಿಟ್ಟರೆ ರಂಜಕ ಬಿದ್ದಲ್ಲೇ ಕೂತಿರುತ್ತದೆ, ಬೇರಿನ ಹತ್ತಿರ ಇಳಿಯುವುದಿಲ್ಲ.

ಮೇಲುಗೊಬ್ಬರಕ್ಕೆ ಇದು ಬೇಡ ಎನ್ನಲು ಕಾರಣವೂ ರಂಜಕವೇ. ಗಿಡಕ್ಕೆ ರಂಜಕದ ಹಸಿವು ಹೆಚ್ಚು ಇರುವುದು ಬೇರು ಬಿಡುವ ಕಾಲಕ್ಕೆ. ತಿಂಗಳಾದ ಗಿಡಕ್ಕೆ 17:17:17 ಹಾಕಿದಾಗಲೆಲ್ಲ ಬೇಡದ ರಂಜಕಕ್ಕೂ ದುಡ್ಡು ಕೊಟ್ಟಂತಾಯಿತು. ಹುಳಿ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ವರ್ಷಗಟ್ಟಲೆ ಹೀಗೆ ಶೇಖರವಾದ ರಂಜಕ ಸತುವು ಗಿಡಕ್ಕೆ ದಕ್ಕದಂತೆ ಅಡ್ಡಿ ಮಾಡುತ್ತದೆ. ಯೂರಿಯಾ 45 ಕಿಲೋ ಚೀಲಕ್ಕೆ 266.50 ರೂಪಾಯಿ, ಅದರಲ್ಲಿ ಸಾರಜನಕ 20.7 ಕಿಲೋ, ಕಿಲೋಗೆ 13 ರೂಪಾಯಿಯ ಒಳಗೇ ಬಿತ್ತು. ಸಾರಜನಕವಷ್ಟೇ ಬೇಕಾದ ಹೊತ್ತಿಗೆ ಇದಕ್ಕಿಂತ ಅಗ್ಗದ್ದು ಅಂಗಡಿಯಲ್ಲಿಲ್ಲ. ಹಾಗೆಂದು ಕೈ ಬಿಡುಬೀಸಾಗಿ ಹಾಕಬೇಡಿ. ಸೌತೆ, ಹೀರೆ, ಹಾಗಲದ ಬಳ್ಳಿ ಎಲೆಗೇ ಹೋಗಿ ಹೆಣ್ಣು ಹೂ ತಡವಾಗುತ್ತದೆ. ಬದನೆ, ಬೆಂಡೆಗೆ ಹೇನು, ಜಿಗಿಹುಳುವಿನ ಕಾಟ ಹೆಚ್ಚುತ್ತದೆ. ಉಸುಕು ಗದ್ದೆಯಲ್ಲಿ ಯೂರಿಯಾವನ್ನು ಎರಡಲ್ಲ, ಮೂರು ಕಂತು ಮಾಡಿ, ಹದವಿರುವ ಮಣ್ಣಿಗೆ ಹಾಕಿ ಮುಚ್ಚಿ, ನೀರು ಕೊಡಿ. ಒಂದು ಕಂತಿಗೆ ಗುಂಟೆಗೆ ಅರ್ಧ ಕಿಲೋ ದಾಟುವುದು ಬೇಡ.

ಹುಳಿಯ ವಿಷಯಕ್ಕೆ ತುಸು ನಿಲ್ಲಬೇಕು, ಈ ಗೊಬ್ಬರದ ಬಗ್ಗೆ ಬರುವ ದೂರುಗಳಲ್ಲಿ ಬಹಳಷ್ಟು ಮಣ್ಣಿನ ದೂರುಗಳೇ. ಮಳೆ ಜೋರಾದ ನಮ್ಮ ಕರಾವಳಿಯಲ್ಲಿ ಸುಣ್ಣ, ಮೆಗ್ನೀಸಿಯಂ ತೊಳೆದು ಹೋಗಿ ಮಣ್ಣು ಹುಳಿಯಾಗಿರುತ್ತದೆ. ಯೂರಿಯಾ, ಡಿಎಪಿ, ಅಮೋನಿಯಂ ಇರುವ ಸಂಯುಕ್ತ ಗೊಬ್ಬರ ಎಲ್ಲವೂ ಅದನ್ನು ಇನ್ನಷ್ಟು ಹುಳಿ ಮಾಡುತ್ತವೆ. ರೈತ ಸಂಪರ್ಕ ಕೇಂದ್ರಕ್ಕೆ ಮಣ್ಣು ಕೊಟ್ಟು ರಸಸಾರ (ಪಿಎಚ್) ತಿಳಿದುಕೊಳ್ಳಿ. 5.5ಕ್ಕಿಂತ ಕೆಳಗಿದ್ದರೆ ಗುಂಟೆಗೆ ನಾಲ್ಕೈದು ಕಿಲೋ ಕೃಷಿ ಸುಣ್ಣದಿಂದ ಶುರು ಮಾಡಿ, ಮುಂದಿನದನ್ನು ವರದಿ ನೋಡಿ ನಿರ್ಧರಿಸಬಹುದು. ಚಿಪ್ಪಿನ ಸುಟ್ಟ ಸುಣ್ಣವಾದರೆ ಖಾರ ಹೆಚ್ಚು, ಪ್ರಮಾಣ ಇನ್ನೂ ಕಡಿಮೆ ಇರಲಿ. ಗೊಬ್ಬರ ಹಾಕುವ ಎರಡು ಮೂರು ವಾರ ಮೊದಲೇ ಸುಣ್ಣ ಮಣ್ಣಿಗೆ ಸೇರಿರಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಮೂಗಿಗೆ ರಾಚುವ ಆ ವಾಸನೆ ಅಮೋನಿಯಾದ್ದು, ಅಂದರೆ ನಿಮ್ಮ ಸಾರಜನಕ ಗಾಳಿಗೆ ಹೊರಟಿತು. ಸುಣ್ಣ ಬೀಳದ ಚಿರೇಕಲ್ಲಿನ ಮಣ್ಣಿನಲ್ಲಿ 17:17:17 ಕೆಲಸ ಮಾಡಲಿಲ್ಲವೆಂದು ಬೈಯುವುದು ನ್ಯಾಯವಲ್ಲ.

ಗಜನಿಯ (ಹೊಳೆಯ ಉಪ್ಪುನೀರು ಏರಿ ಬರುವ ತಗ್ಗು ಗದ್ದೆ) ಅಂಚಿನ ಗದ್ದೆಗಳ ಕತೆ ಬೇರೆ. ಏಪ್ರಿಲ್ ಹೊತ್ತಿಗೆ ಬಾವಿಯ ನೀರು ಉಪ್ಪಾಗುವಲ್ಲಿ ಗೊಬ್ಬರವೂ ಉಪ್ಪೇ ಎಂಬುದು ನೆನಪಿರಲಿ. ಈ ಬಗೆಯ ಸಂಯುಕ್ತಗಳಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಬರುವುದು ಕ್ಲೋರೈಡ್ ರೂಪದಲ್ಲಿ. ಇರುವ ಉಪ್ಪಿಗೆ ಇನ್ನಷ್ಟು ಸೇರಿಸಿದಂತೆ. ಅಂಥಲ್ಲಿ ಬುಡಗೊಬ್ಬರವನ್ನು ಡಿಸೆಂಬರಿನೊಳಗೇ ಮುಗಿಸಿ. ಆಮೇಲೆ ಬೇಕೆನಿಸಿದರೆ ನೀರಿನಲ್ಲಿ ಕರಗುವ 19:19:19ನ್ನು ಲೀಟರಿಗೆ 5 ಗ್ರಾಂನಂತೆ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. 16 ಲೀಟರಿನ ಪಂಪಿಗೆ 80 ಗ್ರಾಂ. ಎಳೆ ಸಸಿಗಾದರೆ 3 ಗ್ರಾಂ ಸಾಕು. ಅದರ ಜೊತೆ ಕ್ಯಾಲ್ಸಿಯಂ ನೈಟ್ರೇಟ್ ಬೆರೆಸಿದರೆ ಬಿಳಿ ಗಸಿ ಕೂತು ನಾಜಲ್ ಕಟ್ಟುತ್ತದೆ. 17:17:17ನ್ನೇ ಕರಗಿಸಿ ಸಿಂಪಡಿಸಲು ಹೋದವರ ಪಂಪಿನ ಗತಿಯೂ ಅದೇ, ಅದು ಪೂರ್ತಿ ಕರಗುವ ಗೊಬ್ಬರವೇ ಅಲ್ಲ.

ಈ ಚೀಲದಲ್ಲಿ ಇಲ್ಲದ್ದೇನು ಎಂಬುದೂ ಗೊತ್ತಿರಲಿ. ಕೆಳಗಿನ ಎಲೆಯ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂ ಕೊರತೆ, ಲೀಟರಿಗೆ 10 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಸಿಂಪಡಿಸಿ. ಹೂಕೋಸಿನ ದಂಟು ಟೊಳ್ಳಾಗಿ ಕಂದಿದರೆ ಬೋರಾನ್ ಕೊರತೆ, ಮುಂದಿನ ಬೆಳೆಗೆ ಗುಂಟೆಗೆ 100 ಗ್ರಾಂ ಬೋರಾಕ್ಸ್ ಮಣ್ಣಿಗೆ ಬೆರೆಸಿ, ಅದಕ್ಕಿಂತ ಹೆಚ್ಚಾದರೆ ವಿಷ. ಕುಮಟಾದ ಸಿಹಿ ಈರುಳ್ಳಿ ಬೆಳೆಯುವವರಿಗೆ ಗಂಧಕ ಬೇಕು. ರಂಜಕವನ್ನು ಸೂಪರ್ ಫಾಸ್ಫೇಟಿನಿಂದ ಕೊಟ್ಟರೆ ಗಂಧಕವೂ ಜೊತೆಗೇ ಬರುತ್ತದೆ. ಗೆಡ್ಡೆ ದಪ್ಪವಾಗತೊಡಗಿದ ಮೇಲೆ ಈರುಳ್ಳಿಗೆ ಸಾರಜನಕ ನಿಲ್ಲಿಸದಿದ್ದರೆ ಕುತ್ತಿಗೆ ದಪ್ಪವಾಗಿ, ಜಡೆ ಕಟ್ಟಿ ತೂಗುಹಾಕಿದ ಮೇಲೆ ಕೊಳೆಯುತ್ತದೆ. ಹರಿವೆ, ಮೂಲಂಗಿ ಸೊಪ್ಪಿಗೆ ಸಂಯುಕ್ತ ಗೊಬ್ಬರದ ಹಂಗೇ ಬೇಡ. ಗುಂಟೆಗೆ 250 ಕಿಲೋ ಕೊಟ್ಟಿಗೆ ಗೊಬ್ಬರ, ಸುಡುಮಣ್ಣು ಇದ್ದರೆ ಧಾರಾಳ.

ಮಳೆಗಾಲದಲ್ಲಿ ಮನೆಯ ಹಿತ್ತಲಲ್ಲಿ ಬೆಳೆಯುವ ಬೆಂಡೆ, ಹೀರೆ, ಮೊಗೆಕಾಯಿಗೆ ಹಾಕಲೇಬೇಕೆಂದಿದ್ದರೆ ಏರುಮಡಿ ಮಾಡಿ, ಹೇಳಿದ ಪ್ರಮಾಣವನ್ನೇ ನಾಲ್ಕು ಪಾಲು ಮಾಡಿ, ಮಳೆ ಹೊಳವಾದ ದಿನ ನೋಡಿ ಕೊಡಿ. ಬುಡಕ್ಕೆ ದರಕು ಮುಚ್ಚಿದರೆ ಕೊಚ್ಚಿ ಹೋಗುವುದು ಕಡಿಮೆ. ರಂಜಕ, ಪೊಟ್ಯಾಷ್ ಪೂರ್ತಿ ಬುಡಕ್ಕೇ ಎಂಬ ಮೇಲಿನ ಮಾತಿಗೆ ಮಳೆಗಾಲವೊಂದೇ ಹೊರತು.

ಚೀಲ ಕಾಯುವುದೇ ನಮ್ಮಲ್ಲಿ ದೊಡ್ಡ ಕೆಲಸ. ಗಾಳಿಯ ತೇವ ಶೇಕಡಾ 73ರ ಆಸುಪಾಸು ದಾಟಿದರೆ ಯೂರಿಯಾ ನೀರು ಹೀರತೊಡಗುತ್ತದೆ. ಪೊಟ್ಯಾಷ್ ಅಥವಾ ಡಿಎಪಿ ಜೊತೆ ಬೆರೆಸಿಟ್ಟರೆ ಇನ್ನೂ ಕಡಿಮೆ ತೇವಕ್ಕೇ ಒಸರುತ್ತದೆ. ಆದ್ದರಿಂದ ಮನೆಯಲ್ಲಿ ಬೆರೆಸಿದ್ದನ್ನು ಅದೇ ದಿನ ಗದ್ದೆಗೆ ಮುಟ್ಟಿಸಿ. ಒಡೆಯದ ಚೀಲ ಹಲಗೆಯ ಮೇಲಿರಲಿ, ಗೋಡೆಗೆ ತಾಗದಿರಲಿ. ಒಡೆದದ್ದನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿಯಿರಿ. ಗಟ್ಟಿಯಾದ ಹೆಂಟೆಯಲ್ಲಿ ಸತ್ವವೇನೂ ಹೋಗಿರುವುದಿಲ್ಲ, ಆದರೆ ಸಮನಾಗಿ ಹಾಕಲು ಬರುವುದಿಲ್ಲ, ಪುಡಿ ಮಾಡಿಯೇ ಬಳಸಬೇಕು. ಐದು ಗುಂಟೆ ಬೆಂಡೆಗೆ ಬೇಕಾಗುವುದು 18.5 ಕಿಲೋ ಮಾತ್ರ. ಚಿಲ್ಲರೆ ಕಟ್ಟಿ ಕೊಡುವ ಪೊಟ್ಟಣದಲ್ಲಿ ಅಂಕಿಯೂ ಇರದು, ಬ್ಯಾಚೂ ಇರದು; ಅದರ ಬದಲು ಅಕ್ಕಪಕ್ಕದ ಇಬ್ಬರು ಮೂವರು ಸೇರಿ ನವೆಂಬರಿನಲ್ಲಿ ಒಂದು ಚೀಲ ತಂದು, ತೂಗಿ ಹಂಚಿಕೊಳ್ಳಿ.