ಜೋಳದ ಹೊಲದಲ್ಲಿ ಪಾಸಾದ 8×42 ದುರ್ಬೀನು

ಹೋದ ಡಿಸೆಂಬರಿನಲ್ಲಿ ವಿಜಯಪುರದ ಅಂಗಡಿಯೊಂದರಲ್ಲಿ ಒಂಬತ್ತೂವರೆ ಸಾವಿರ ಕೊಟ್ಟು ಈ ದುರ್ಬೀನು ತಂದೆ. 8 ಎಂದರೆ ಎಂಟು ಪಟ್ಟು ಹಿಗ್ಗಿಸುತ್ತದೆ, 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಂಗಡಿಯವರು 10×42 ಮುಂದೆ ಮಾಡಿ, "ಇದರಲ್ಲಿ ಇನ್ನೂ ಹತ್ತಿರ ಕಾಣುತ್ತದೆ" ಎಂದರು. ನನ್ನ ಕೈ ತುಸು ನಡುಗುತ್ತದೆ. ಹತ್ತು ಪಟ್ಟು ಹಿಗ್ಗಿಸಿದರೆ ನಡುಕವೂ ಹತ್ತು ಪಟ್ಟು. ಎಂಟೇ ಸಾಕೆಂದೆ.

ಪರೀಕ್ಷೆ ನಡೆದದ್ದು ಡೋಣಿ ಹೊಳೆಯ ದಂಡೆಯ ಎರೆಹೊಲದಲ್ಲಿ, ಸೋದರಮಾವ ಸೀತನಿ (ಜೋಳದ ಎಳೆ ತೆನೆ) ಸುಡುತ್ತಿದ್ದ ಬೆಳಿಗ್ಗೆ. ಬಿಳಿಜೋಳ ಕಾಳುಗಟ್ಟುವಾಗ ಬಂಟಿಂಗ್ ಎಂಬ ಕಾಳು ತಿನ್ನುವ ವಲಸೆ ಹಕ್ಕಿಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಇಲ್ಲಿ ಎರಡು ಜಾತಿ: ಕರಿತಲೆಯದು ಆಗ್ನೇಯ ಯುರೋಪಿನಿಂದ ಇರಾನಿನವರೆಗಿನ ನಾಡಿನಲ್ಲಿ ಗೂಡು ಕಟ್ಟುವಂಥದ್ದು, ಕೆಂದಲೆಯದು ಮಧ್ಯ ಏಷ್ಯಾದ್ದು. ಬರಿಗಣ್ಣಿಗೆ ಎರಡೂ ಹಳದಿ ಹೊಟ್ಟೆಯ ದಪ್ಪ ಗುಬ್ಬಿಗಳೇ. ಚಳಿಗಾಲದಲ್ಲಿ ಗಂಡಿನ ತಲೆಯ ಬಣ್ಣವೂ ಮಾಸಲಾಗಿರುತ್ತದೆ, ಬೆನ್ನನ್ನೇ ನೋಡಬೇಕು. ತೆನೆಯ ಮೇಲೆ ಕೂತ ಒಂದು ಹಕ್ಕಿ ಅತ್ತ ತಿರುಗಿತು. ಇಟ್ಟಿಗೆ ಬಣ್ಣದ ಬೆನ್ನು: ಕರಿತಲೆ. ಪಕ್ಕದ ತೆನೆಯದಕ್ಕೆ ಹಸಿರು ಛಾಯೆಯ ಬೆನ್ನು, ಅದರ ಮೇಲೆ ಕಪ್ಪು ಗೀರು: ಕೆಂದಲೆ. ಮೂವತ್ತು ಹೆಜ್ಜೆ ದೂರದಿಂದ ಆ ಗೀರುಗಳನ್ನು ಎಣಿಸಬಹುದಿತ್ತು. ದುರ್ಬೀನಿನ ಅರ್ಧ ಬೆಲೆ ಅಲ್ಲೇ ತೀರಿತು.

ಹೆಣ್ಣು ಹಕ್ಕಿಗಳನ್ನು ಗುರುತಿಸುವಲ್ಲಿ ಮಾತ್ರ ಸೋತೆ. ಅದಕ್ಕೆ ಗಾಜನ್ನು ದೂರುವುದಿಲ್ಲ. ಪಳಗಿದವರೂ ಅಲ್ಲಿ ತಡವರಿಸುತ್ತಾರೆ. ಸಾಲದ್ದಕ್ಕೆ ಉತ್ತರ ಇರಾನಿನಲ್ಲಿ ಈ ಎರಡು ಜಾತಿಗಳು ಕೂಡಿ ಮರಿಯನ್ನೂ ಮಾಡುತ್ತವೆ.

ಮಾವನಿಗೂ ತೋರಿಸಿದೆ. "ತಮ್ಮಾ, ಯಾವ ತಲೆಯದಾದರೇನು, ಖಾಲಿಯಾಗುವುದು ನನ್ನ ತೆನೆ" ಎಂದು ಕವಣೆಗೆ ಕೈ ಹಾಕಿದರು. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟಿದೆ ಎಂದು ಹೇಳುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಎರಡೂ ಸದ್ಯ ಅಪಾಯವಿಲ್ಲದ ವರ್ಗದಲ್ಲಿವೆ ಎಂದು ಓದಿ ಹೇಳಿದ್ದು ನನ್ನದೇ ತಪ್ಪು, ಅವರಿಗೆ ಇನ್ನಷ್ಟು ಹುರುಪು ಬಂತು. ಆಗ ಇವುಗಳದೇ ಬಳಗದ ಹಳದಿ ಎದೆಯ ಬಂಟಿಂಗ್ ಕಥೆ ಹೇಳಬೇಕಾಯಿತು. 2004ರವರೆಗೆ ಅದೂ ಇದೇ ವರ್ಗದಲ್ಲಿತ್ತು. ವಲಸೆಯ ದಾರಿಯಲ್ಲಿ, ಮುಖ್ಯವಾಗಿ ಚೀನಾದಲ್ಲಿ, ತಿನ್ನಲೆಂದು ಬಲೆ ಹಾಕಿ ಹಾಕಿ 2017ರ ಹೊತ್ತಿಗೆ ಅದು ಅಳಿವಿನ ತೀರಾ ಅಂಚಿಗೆ ಬಂತು. ಮಾವ ಕಲ್ಲು ಕೆಳಗಿಟ್ಟು ಡಬ್ಬಿ ಬಾರಿಸಿದರು. ಹಕ್ಕಿಗಳು ಪಕ್ಕದವರ ಹೊಲಕ್ಕೆ ಹೋದವು.

ದೋಷವೂ ಇದೆ. ಬಲಗಣ್ಣಿನ ನೋಟ ಹೊಂದಿಸುವ ಬಳೆ ಸಡಿಲ. ಚೀಲದಲ್ಲಿಟ್ಟು ತೆಗೆಯುವಷ್ಟರಲ್ಲಿ ಜರುಗಿರುತ್ತದೆ. ಕಣ್ಣಿಗೆ ತಾಗುವ ರಬ್ಬರು ತಿಂಗಳಿಗೇ ಸಡಿಲಾಯಿತು. ಕನ್ನಡಕ ಹಾಕುವ ನನಗೆ ಅದನ್ನು ದಿನವೂ ಮಡಚಬೇಕು, ಬಿಡಿಸಬೇಕು. ವಾರಂಟಿ ಗಾಜಿಗಷ್ಟೇ, ರಬ್ಬರಿಗಿಲ್ಲ ಎಂದು ಅಂಗಡಿಯವರು ಕೈ ಆಡಿಸಿದರು. ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಬಿಗಿದಿದ್ದೇನೆ, ಇಲ್ಲಿಯವರೆಗೆ ಜಾರಿಲ್ಲ.