ಕಾಕಾನ ಕೆಂಪು ರೀಲನ್ನು ನಾನು ‘ಸುಧಾರಿಸಿದ’ ಕಥೆ: ದಯವಿಟ್ಟು ಹೀಗೆ ಮಾಡಬೇಡಿ

ಮನೆಯಲ್ಲಿ ಮೀನು ಹಿಡಿಯುವ ಹಳೇ ರೀಲ್, ಅಂದರೆ ಗಾಳದ ರಾಡಿಗೆ ಕೂರಿಸಿ ದಾರ ಸುತ್ತುವ ಪುಟ್ಟ ರಾಟೆ, ಇದೆಯಾ? ಕೈಯಲ್ಲಿ ಸ್ಕ್ರೂಡ್ರೈವರ್, ಮೊಬೈಲಿನಲ್ಲಿ ವಿಡಿಯೊ, ಪಕ್ಕದಲ್ಲಿ ಕೊರಿಯರ್‌ನಲ್ಲಿ ಬಂದ ‘ಅಪ್‌ಗ್ರೇಡ್ ಕಿಟ್’ ಇಟ್ಟುಕೊಂಡು ಕೂತಿದ್ದೀರಾ? ಹಾಗಿದ್ದರೆ ಹತ್ತು ನಿಮಿಷ ತಡೆಯಿರಿ. ಎರಡು ವರ್ಷದ ಹಿಂದೆ ನಾನೂ ಹೀಗೇ ಕೂತಿದ್ದೆ. ಐವತ್ತು ವರ್ಷ ಬಾಳಿದ ರೀಲನ್ನು ಎರಡೇ ತಿಂಗಳಲ್ಲಿ ಮುಗಿಸಿದೆ. ಜೊತೆಗೆ ಅಂಗೈಗೆ ಮೂರು ಹೊಲಿಗೆ.

ರೀಲು ನಮ್ಮ ಕಾಕಾ ಅವರದು. ಮುಂಬೈ ಡಾಕ್‌ನಲ್ಲಿ ಕೆಲಸಕ್ಕಿದ್ದಾಗ ಹಡಗಿನವನೊಬ್ಬನಿಂದ ತಗೊಂಡಿದ್ದರಂತೆ. ಬಾಗಲಕೋಟೆಗೆ ವಾಪಸ್ ಬಂದ ಮೇಲೆ ಘಟಪ್ರಭೆಯಲ್ಲಿ ಅದೇ ರೀಲು. ಆಲಮಟ್ಟಿ ಹಿನ್ನೀರು ಬಂದು ಹಳೇ ಊರು ಅರ್ಧ ಮುಳುಗಿ, ನಾವೆಲ್ಲ ನವನಗರದ ಸೆಕ್ಟರುಗಳಿಗೆ ಬಂದ ಮೇಲೂ ಅದೇ ರೀಲು. ಮೊಣಕಾಲು ಕೈಕೊಟ್ಟ ಮೇಲೆ ನನಗೆ ಕೊಟ್ಟರು. ಆಬು ಕಂಪನಿಯ ಅಂಬಾಸಡರ್ 5000. ಗೊತ್ತಿದ್ದವರಿಗೆ ಹೆಸರು ಹೇಳಿದರೆ ಸಾಕು, ಕಿವಿ ನೆಟ್ಟಗಾಗುತ್ತದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸ್ವೀಡನ್ನಿನ ಸ್ವೆಂಗ್ಸ್ಟಾ ಅನ್ನುವ ಊರಿನಲ್ಲಿ 1921ರಲ್ಲಿ ಶುರುವಾದ ಕಂಪನಿ ಅದು. ಮೊದಲು ಮಾಡುತ್ತಿದ್ದದ್ದು ಜೇಬು ಗಡಿಯಾರ, ಆಮೇಲೆ ಟ್ಯಾಕ್ಸಿ ಮೀಟರ್. ರೀಲಿಗೆ ಬಂದದ್ದು ಅದಾದ ಮೇಲೆ. ಈ ಕೆಂಪು 5000 ಬಂದದ್ದು 1952ರಲ್ಲಿ. ರಾಡಿಗೆ ಕೂರುವ ಪಾದದ ಮೇಲೆ ನಂಬರ್ ಕೊರೆದಿರುತ್ತಾರೆ. ಮೊದಲ ಎರಡು ಅಂಕಿ ವರ್ಷ, ನಂತರದ ಎರಡು ತಿಂಗಳು. ನಮ್ಮದರಲ್ಲಿ 7309 ಅಂತ ಶುರುವಾಗುತ್ತದೆ, ಅಂದರೆ 1973ರ ಸೆಪ್ಟೆಂಬರ್. ನನಗಿಂತ ಎಂಟು ವರ್ಷ ದೊಡ್ಡದು.

ಅದಕ್ಕೆ ಆಗಿದ್ದಾದರೂ ಏನು? ಏನೂ ಆಗಿರಲಿಲ್ಲ. ಒಳಗಿನ ಗ್ರೀಸು ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿತ್ತು, ಹ್ಯಾಂಡಲ್ ಸ್ವಲ್ಪ ಬಿಗಿ ತಿರುಗುತ್ತಿತ್ತು. ಸೀಮೆಎಣ್ಣೆಯಲ್ಲಿ ಒರೆಸಿ, ಎರಡು ಹನಿ ಎಣ್ಣೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಅದು ಸಾಲಲಿಲ್ಲ. ಗೆಳೆಯನೊಬ್ಬ ಹೊಸ ರೀಲ್ ತಂದಿದ್ದ, ಬೆರಳು ತಾಗಿಸಿದರೆ ಒಂದು ನಿಮಿಷ ಸುಮ್ನೆ ತಿರುಗುತ್ತಲೇ ಇರುತ್ತಿತ್ತು. ನಮ್ಮದೂ ಹಾಗೇ ಆಗಬೇಕು ಅನ್ನೋ ಹುಚ್ಚು ಹತ್ತಿತು.

ಮೊದಲ ತಪ್ಪು ಬಾತ್‌ರೂಮಿನಲ್ಲೇ ಆಯಿತು. ಗಟ್ಟಿ ಗ್ರೀಸು ಬಿಡಿಸಲು ಪೈಪ್ ಕಟ್ಟಿಕೊಂಡಾಗ ಹಾಕುವ ಕಾಸ್ಟಿಕ್ ಸೋಡಾ ತಗೊಂಡೆ. ಅದು ಗ್ರೀಸನ್ನು ತಿನ್ನುತ್ತದೆ ಅಂತ ಮಾತ್ರ ಗೊತ್ತಿತ್ತು. ಬಿಸಿನೀರಿನ ಬಕೆಟ್ಟಿಗೆ ಎರಡು ಚಮಚ ಹಾಕಿ ಎರಡೂ ಬದಿಯ ಕೆಂಪು ತಟ್ಟೆಗಳನ್ನು ಮುಳುಗಿಸಿದೆ. ತಕ್ಷಣ ಸೋಡಾ ಬಾಟಲಿ ತೆರೆದ ಹಾಗೆ ಬುರುಬುರು ಗುಳ್ಳೆ. ಆಹಾ, ಕೊಳೆ ಬಿಡುತ್ತಿದೆ ಅಂದುಕೊಂಡೆ. ಚಹಾ ಕುಡಿದು ಬರುವಷ್ಟರಲ್ಲಿ ಕೆಂಪು ಬಣ್ಣ ಇರಲೇ ಇಲ್ಲ. ತಟ್ಟೆಯ ಮೇಲೆ ಮಸಿ ಬಳಿದ ಹಾಗೆ ಒಂದು ಕಪ್ಪು ಪದರ. ಬೆರಳಿನಿಂದ ಉಜ್ಜಿದರೆ ಕೆಳಗೆ ಬೂದಿ ಬಣ್ಣದ ಒರಟು ಲೋಹ.

ಆ ತಟ್ಟೆಗಳು ಅಲ್ಯುಮಿನಿಯಂ. ಕೆಂಪು ಅನ್ನೋದು ಪೇಂಟ್ ಅಲ್ಲ. ಕರೆಂಟ್ ಹಾಯಿಸಿ ಅಲ್ಯುಮಿನಿಯಂ ಮೇಲೆ ಅದರದೇ ಆಕ್ಸೈಡಿನ ತೆಳು ಪದರ ಬೆಳೆಸುತ್ತಾರೆ, ಆ ಪದರದ ಸಣ್ಣ ಸಣ್ಣ ರಂಧ್ರಗಳಲ್ಲಿ ಬಣ್ಣ ತುಂಬುತ್ತಾರೆ. ಆನೋಡೈಸಿಂಗ್ ಅಂದರೆ ಇದೇ. ಕಾಸ್ಟಿಕ್ ಸೋಡಾ ಮೊದಲು ಆ ಪದರವನ್ನು ತಿನ್ನುತ್ತದೆ, ಆಮೇಲೆ ಕೆಳಗಿನ ಅಲ್ಯುಮಿನಿಯಮ್ಮನ್ನೇ ತಿನ್ನುತ್ತದೆ. ನಾನು ನೋಡಿ ಖುಷಿಪಟ್ಟ ಗುಳ್ಳೆ ಹೈಡ್ರೋಜನ್, ಬೆಂಕಿ ಹತ್ತುವ ಗ್ಯಾಸು. ಅದೂ ಬಾಗಿಲು ಹಾಕಿದ ಬಾತ್‌ರೂಮಿನಲ್ಲಿ! ಮುಂಗೈ ಮೇಲೆ ಬಿದ್ದ ಒಂದು ಹನಿ ಉರಿಯಲೇ ಇಲ್ಲ ಮೊದಲಿಗೆ, ಸಾಬೂನು ಹಚ್ಚಿದ ಹಾಗೆ ಜಾರುತ್ತಿತ್ತು ಅಷ್ಟೇ. ಆ ಜಾರುವುದೇ ಚರ್ಮ ಕರಗುತ್ತಿರುವ ಗುರುತು ಅಂತ ಆಮೇಲೆ ಗೊತ್ತಾಯಿತು. ಹಾಗೇನಾದರೂ ಆದರೆ ಕೂಡಲೇ ನಲ್ಲಿ ಕೆಳಗೆ ಹಿಡಿದು ಹದಿನೈದು ಇಪ್ಪತ್ತು ನಿಮಿಷ ತೊಳೆಯಿರಿ. ಕಣ್ಣಿಗೆ ಹಾರಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ.

ಹೆಂಡತಿ ಬಂದು ಬಕೆಟ್ ನೋಡಿದಳು. “ಏನ್ ಕುದಸಾಕತ್ತೀರಿ ಇಲ್ಲಿ?” ಅಂದಳು. ರೀಲು ಅಂದೆ. “ಸಾರು ಮಾಡ್ತೀರೇನು ಅದರದ್ದು?” ಅಂದು ಹೋದಳು. ಬಣ್ಣ ವಾಪಸ್ ತರಲು ಬ್ಯಾಟರಿ ಆ್ಯಸಿಡ್, ಚಾರ್ಜರ್ ಇಟ್ಟು ಮನೆಯಲ್ಲೇ ಆನೋಡೈಸ್ ಮಾಡುವ ವಿಡಿಯೊ ಕೂಡ ನೋಡಿದ್ದೆ. ಪುಣ್ಯಕ್ಕೆ ಆ್ಯಸಿಡ್ ಕ್ಯಾನು ಮನೆ ಹೊಸಿಲು ದಾಟಲು ಅವಳು ಬಿಡಲಿಲ್ಲ.

ಇಲ್ಲಿಗಾದರೂ ನಿಲ್ಲಿಸಬೇಕಿತ್ತು ಅಲ್ವಾ? ಬಣ್ಣ ಹೋದರೂ ರೀಲು ಕೆಲಸ ಮಾಡುತ್ತಿತ್ತು. ಆದರೆ ಕೆಟ್ಟದ್ದಕ್ಕೆ ಪ್ರಾಯಶ್ಚಿತ್ತ ಅನ್ನೋ ಹಾಗೆ ಇನ್ನೂ ಜೋರಾಗಿ ಸುಧಾರಣೆಗೆ ಇಳಿದೆ.

5000ರಲ್ಲಿ ಸ್ಪೂಲು, ಅಂದರೆ ದಾರ ಸುತ್ತಿಕೊಳ್ಳುವ ಉರುಳೆ, ತಿರುಗುವುದು ಬುಷ್ ಅನ್ನುವ ಸಾದಾ ಬಳೆಯ ಮೇಲೆ. ಇದೇ ಕಂಪನಿಯ ರೀಲುಗಳಲ್ಲಿ ಹೆಸರಿನ ಕೊನೆಗೆ ‘ಸಿ’ ಇದ್ದರೆ ಬಾಲ್ ಬೇರಿಂಗ್ ಇರುತ್ತದೆ. ನಮ್ಮದಕ್ಕೆ ‘ಸಿ’ ಇಲ್ಲ. ಇಲ್ಲದಿದ್ದರೇನು, ಹಾಕಿದರಾಯಿತು ಅಂತ 623 ನಂಬರಿನ ಪುಟ್ಟ ಬೇರಿಂಗ್ ತರಿಸಿದೆ. ಒಳಗಿನ ತೂತು 3 ಮಿಲಿಮೀಟರ್, ಹೊರಗಿನ ಅಳತೆ 10, ದಪ್ಪ 4. ಬುಷ್ ಕೂರುವ ಜಾಗ ಅದಕ್ಕೆ ಸಾಲಲಿಲ್ಲ. ಲೇತ್ ಅಂಗಡಿಗೆ ಒಯ್ದೆ. ಕಬ್ಬಿನ ಟ್ರೇಲರಿನ ಅಚ್ಚು ಕಡೆಯುವುದರಲ್ಲಿ ಅಂಗಡಿಯವರದು ಎತ್ತಿದ ಕೈ. ರೀಲನ್ನು ಅಂಗೈಯಲ್ಲಿಟ್ಟು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. “ಸರ, ಇದು ಗಡಿಯಾರದ ಕೆಲಸ ಐತ್ರಿ. ನಮ್ಮಂಥಾರದ್ದಲ್ಲ” ಅಂದರು. ಕಂಪನಿಯ ಚರಿತ್ರೆ ಗೊತ್ತಿಲ್ಲದೆಯೇ ಅವರಿಗೆ ಗೊತ್ತಾಗಿತ್ತು. ಎಲ್ಲ ಓದಿಕೊಂಡಿದ್ದ ನನಗೆ ಗೊತ್ತಾಗಲಿಲ್ಲ. ಒತ್ತಾಯ ಮಾಡಿ ಕೊರೆಸಿದೆ.

ಕೊರೆದ ತೂತು ಕೂದಲೆಳೆಯಷ್ಟು ಒಂದು ಕಡೆಗೆ ಸರಿಯಿತು. ಕಣ್ಣಿಗೆ ಕಾಣುವುದಿಲ್ಲ. ಆದರೆ ಸ್ಪೂಲಿನ ಅಂಚಿಗೂ ಫ್ರೇಮಿಗೂ ನಡುವೆ ಇರುವ ಸಂದೇ ಕಾಗದದಷ್ಟು. ಸಂದು ಅದಕ್ಕಿಂತ ಜಾಸ್ತಿಯಾದರೆ ದಾರ ಒಳಗೆ ನುಗ್ಗುತ್ತದೆ, ಅದಕ್ಕೇ ಅಷ್ಟು ಬಿಗಿ ಮಾಡಿರುತ್ತಾರೆ. ಈಗ ಒಂದು ಕಡೆ ಉಜ್ಜತೊಡಗಿತು, ಇನ್ನೊಂದು ಕಡೆ ದಾರ ನುಗ್ಗತೊಡಗಿತು. ಉಜ್ಜುವ ಸದ್ದು ಕೇಳಿ ನಾನು ಮಾಡಿದ್ದೇನು? ಒಳಗೆಲ್ಲ ಎಣ್ಣೆ ಸುರಿದೆ. ಸ್ಪೂಲಿನ ಬದಿಯಲ್ಲಿ ಕಡ್ಡಿಗೆ ಪೋಣಿಸಿದ ಎರಡು ಪುಟ್ಟ ಬ್ರೇಕ್ ತುಂಡುಗಳಿರುತ್ತವೆ. ಗಾಳ ಎಸೆದಾಗ ಸ್ಪೂಲು ಜೋರಾಗಿ ತಿರುಗುತ್ತದೆ, ಆ ತುಂಡುಗಳು ಹೊರಕ್ಕೆ ಸರಿದು ಸುತ್ತಲಿನ ಬಳೆಗೆ ಉಜ್ಜಿ ವೇಗ ತಗ್ಗಿಸುತ್ತವೆ. ಅವಕ್ಕೂ ಎಣ್ಣೆ ಹತ್ತಿತು. ಮೊದಲ ಎಸೆತದಲ್ಲೇ ಗಾಳಕ್ಕಿಂತ ಮುಂದೆ ಸ್ಪೂಲು ಓಡಿ, ದಾರವೆಲ್ಲ ಗೀಜಗನ ಗೂಡು. ಬಿಡಿಸಲು ಇಡೀ ಭಾನುವಾರ ಹೋಯಿತು.

ಇನ್ನು ಆ ಕಿಟ್. ‘ಎಲ್ಲ 5000ಕ್ಕೂ ಸರಿಹೊಂದುತ್ತದೆ’ ಅಂತ ಬರೆದಿದ್ದರು. ಕಾರ್ಬನ್ ಡ್ರ್ಯಾಗ್ ವಾಷರುಗಳು, ಉದ್ದನೆಯ ಪವರ್ ಹ್ಯಾಂಡಲ್, 2,400 ರೂಪಾಯಿ. ವಾಷರುಗಳು ಮೂಲದ್ದಕ್ಕಿಂತ ದಪ್ಪ. ಎಲ್ಲ ಹಾಕಿದರೆ, ಅವನ್ನು ಬಿಗಿ ಮಾಡಲು ಹ್ಯಾಂಡಲಿನ ಬುಡದಲ್ಲಿರುವ ನಕ್ಷತ್ರದ ಆಕಾರದ ತಿರುಪಿಗೆ ಹಿಡಿಯಲು ಥ್ರೆಡ್ಡೇ ಸಿಗಲಿಲ್ಲ. ಮಾರಿದವರಿಗೆ ಬರೆದೆ. ‘ಹಳೇ ರೀಲಿಗೆ ಗ್ಯಾರಂಟಿ ಇಲ್ಲ’ ಅಂತ ಒಂದೇ ಸಾಲು. ಹಳೇ ರೀಲಿಗೆ ಅಂತಲೇ ಮಾರಿದ ಕಿಟ್ಟು ಅದು! ಕೊನೆಗೆ ಒಂದು ವಾಷರ್ ಬಿಟ್ಟು ಮುಚ್ಚಿದೆ.

ಈ ಭಾಗವನ್ನು ನಿಧಾನಕ್ಕೆ ಓದಿ, ನಿಜವಾದ ಅಪಾಯ ಇಲ್ಲೇ ಇದೆ. ಡ್ರ್ಯಾಗ್ ಅಂದರೆ ರೀಲಿನ ಕ್ಲಚ್ಚು. ದೊಡ್ಡ ಮೀನು ಎಳೆದಾಗ ವಾಷರುಗಳು ಜಾರಿ ದಾರ ಬಿಟ್ಟುಕೊಡಬೇಕು. ಕಾಕಾನ ರೀಲಿನಲ್ಲಿದ್ದ ಹಳೇ ವಾಷರುಗಳಲ್ಲಿ ಚರ್ಮದ್ದೂ ಇತ್ತು. ಎಷ್ಟು ಬಿಗಿ ಮಾಡಿದರೂ ಒಂದು ಮಿತಿಗೆ ಜಾರುತ್ತಿದ್ದವು. ಅದು ಅವುಗಳ ದೋಷ ಅಂದುಕೊಂಡಿದ್ದೆ. ಒಳಗಿನ ಹಿತ್ತಾಳೆ ಗೇರನ್ನು ಅಷ್ಟು ವರ್ಷ ಕಾಪಾಡಿದ್ದೇ ಆ ಜಾರುವಿಕೆ. ನಾನು ಕಾರ್ಬನ್ ಹಾಕಿ ಜಾರದ ಹಾಗೆ ಮಾಡಿದೆ. ಉದ್ದ ಹ್ಯಾಂಡಲ್ ಹಾಕಿ ನನ್ನ ಕೈಬಲ ಹೆಚ್ಚಿಸಿದೆ. ನೈಲಾನ್ ದಾರ ತೆಗೆದು 50 ಪೌಂಡಿನ ಹೆಣೆದ ದಾರ, ಅಂದರೆ ಸುಮಾರು 23 ಕಿಲೋ ತಡೆಯುವಂಥದ್ದು, ಸುತ್ತಿದೆ. ಎಲ್ಲವನ್ನೂ ಗಟ್ಟಿ ಮಾಡಿದೆ, ಗೇರು ಮಾತ್ರ 1973ರದ್ದೇ.

ಮನೆಯಲ್ಲಿ ಎಳೆದು ನೋಡಿದಾಗ ದಾರ ಸರಾಗ ಜಾರಿತು. ಡ್ರ್ಯಾಗ್ ಸಡಿಲ ಅಂದುಕೊಂಡು ನಕ್ಷತ್ರವನ್ನು ಕೊನೇ ತನಕ ತಿರುಗಿಸಿದೆ. ಆಮೇಲೆ ತಿಳಿಯಿತು, ಜಾರಿದ್ದು ಡ್ರ್ಯಾಗ್ ಅಲ್ಲ. ಹೆಣೆದ ದಾರ ನುಣುಪು, ಲೋಹದ ಸ್ಪೂಲಿನ ಮೇಲೆ ಇಡೀ ಸುತ್ತೇ ಬಳೆಯ ಹಾಗೆ ತಿರುಗುತ್ತದೆ. ಅಡಿಗೆ ನಾಲ್ಕು ಸುತ್ತು ನೈಲಾನ್ ದಾರವನ್ನೋ ಟೇಪನ್ನೋ ಹಾಕಬೇಕು. ಟೇಪ್ ಹಾಕಿದೆ. ಬಿಗಿ ಮಾಡಿದ್ದ ನಕ್ಷತ್ರವನ್ನು ಸಡಿಲಿಸುವುದು ಮರೆತೆ.

ಮರುದಿನ ಬೆಳಿಗ್ಗೆ ಆರಕ್ಕೆ ಅನಗವಾಡಿ ಸೇತುವೆ ಕಡೆ ಹಿನ್ನೀರು. ಶೇಂಗಾ ಹಿಂಡಿ, ಅಕ್ಕಿ ತೌಡು ಕಲಸಿದ ಉಂಡೆ ಕಟ್ಟಿ ಗಾಳ ಬಿಟ್ಟಿದ್ದೆ. ಸ್ವಲ್ಪ ದೂರದಲ್ಲಿ ಒಬ್ಬ ಅಜ್ಜ ಪ್ಲಾಸ್ಟಿಕ್ ಬಾಟಲಿಗೆ ದಾರ ಸುತ್ತಿಕೊಂಡು ಕೂತಿದ್ದರು. ಏಳೂವರೆಗೆ ಎಳೆಯಿತು. ಕಾಟ್ಲಾ ಅಂತ ಆ ಭಾರಕ್ಕೇ ಗೊತ್ತಾಯಿತು. ರಾಡು ನೀರಿನ ಕಡೆ ಬಾಗಿತು. ಒಂದು ಅಡಿ ದಾರ ಕೂಡ ಬಿಡಲಿಲ್ಲ. ಆ ಉದ್ದ ಹ್ಯಾಂಡಲ್ ಹಿಡಿದು ಪೂರ್ತಿ ಬಲ ಹಾಕಿ ತಿರುಗಿಸಿದೆ. ಒಳಗೆ ಕಟ್ ಅಂತ ಒಂದು ಸದ್ದು. ಆಮೇಲೆ ಕಟಕಟಕಟ. ಹ್ಯಾಂಡಲ್ ಖಾಲಿ ತಿರುಗುತ್ತಿತ್ತು, ಬಾವಿಯ ಹಗ್ಗ ಕಡಿದ ರಾಟೆ ತಿರುಗುವ ಹಾಗೆ.

ಆಗ ಮಾಡಿದ ತಪ್ಪು ಎಲ್ಲಕ್ಕಿಂತ ದೊಡ್ಡದು. ಮೀನು ಬಿಡಬಾರದು ಅಂತ ದಾರವನ್ನು ಅಂಗೈಗೆ ಎರಡು ಸುತ್ತು ಸುತ್ತಿ ಎಳೆದೆ. ನೈಲಾನ್ ಆಗಿದ್ದರೆ ಬರೆ ಎಳೆಯುತ್ತಿತ್ತು. ಹೆಣೆದ ದಾರ ಚಾಕು. ನೋವಿಗಿಂತ ಮೊದಲು ರಕ್ತ ಕಂಡಿತು. ಅಜ್ಜ ಓಡಿ ಬಂದು ಬೀಡಿ ಹಚ್ಚುವ ಲೈಟರಿನಿಂದ ದಾರ ಸುಟ್ಟು ಬಿಡಿಸಿದರು, ಹೆಗಲ ಮೇಲಿನ ಟವೆಲ್ ಕಟ್ಟಿದರು. ನನ್ನ ರೀಲನ್ನು ನೋಡಿ, “ಬೆರಳಿಗೆ ಬಿಸಿ ಹತ್ತಿದ್ರ ನಾವು ಬಿಡ್ತೀವ್ರಿ ಸಾಹೇಬ್ರ. ಇದಕ್ಕ ತಿಳಿಯೂದುಲ್ಲೇನು?” ಅಂದರು. ತಿಳಿಯುತ್ತಿತ್ತು ಅಜ್ಜಾ. ನಾನೇ ತಿಳಿಯದ ಹಾಗೆ ಮಾಡಿದ್ದೆ.

ಮನೆಗೆ ಬಂದು ಬಿಚ್ಚಿದೆ. ಮೇನ್ ಗೇರಿನ ಹಲ್ಲುಗಳಲ್ಲಿ ಐದು ಇರಲಿಲ್ಲ. ಗ್ರೀಸಿನ ನಡುವೆ ಬಂಗಾರದ ಚೂರಿನ ಹಾಗೆ ಮಿಂಚುತ್ತಿದ್ದವು.

ಈಗ ಯಾರಾದರೂ ಹಳೇ ರೀಲು ತಂದು ತೋರಿಸಿದರೆ ನಾನು ಹೇಳುವುದು ಇಷ್ಟು. ಬಿಚ್ಚುವಾಗ ಪ್ರತಿ ಹಂತಕ್ಕೂ ಒಂದು ಫೋಟೊ. ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ಪಡ್ಡಿನ ಹಂಚಿನ ಗುಳಿಗಳಲ್ಲಿ ಇಡಿ. ಅದಕ್ಕಿಂತ ಒಳ್ಳೇ ಸಾಧನ ನಾನು ನೋಡಿಲ್ಲ, ಮನೆಯವರನ್ನು ಕೇಳಿ ತಗೊಳ್ಳಿ. ಒಳಗಿನ ಸಣ್ಣ ಸ್ಪ್ರಿಂಗುಗಳು ಹಾರುತ್ತವೆ, ಕೆಳಗೆ ಪರಾತ ಇರಲಿ. ತೊಳೆಯಲು ಸೀಮೆಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್ಷು, ಕೊನೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ನೀರು. ಟಾಯ್ಲೆಟ್ ಆ್ಯಸಿಡ್, ಕಾಸ್ಟಿಕ್, ಹುಣಸೆಹಣ್ಣು ಯಾವುದೂ ಹತ್ತಿರ ಬೇಡ. ಬುಷ್‌ಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ. ಗ್ರೀಸು ಗೇರಿಗೆ ಮಾತ್ರ, ತೆಳ್ಳಗೆ. ಬ್ರೇಕ್ ತುಂಡಿಗೆ ಏನೂ ಬೇಡ. ಡ್ರ್ಯಾಗನ್ನು ಕೈಯಂದಾಜಿನಲ್ಲಿ ಬಿಗಿ ಮಾಡಬೇಡಿ. ದಾರದ ತುದಿಗೆ ಕೊಕ್ಕೆ ತಕ್ಕಡಿ ಕಟ್ಟಿ ಎಳೆಯಿರಿ, ದಾರ ತಡೆಯುವ ತೂಕದ ಕಾಲು ಭಾಗಕ್ಕೆ, ಹೆಚ್ಚೆಂದರೆ ಮೂರರಲ್ಲಿ ಒಂದು ಭಾಗಕ್ಕೆ ಜಾರಬೇಕು. ಹಳೇ ರೀಲಿಗೆ ನೈಲಾನ್ ದಾರವೇ ಸಾಕು, ಅದು ಸ್ವಲ್ಪ ಹಿಗ್ಗಿ ಜಗ್ಗಾಟದ ಏಟನ್ನು ತಾನು ನುಂಗುತ್ತದೆ. ಹೊಸ ರೀಲಿನ ಓಟ ಬೇಕಿದ್ದರೆ ಹೊಸ ರೀಲೇ ತಗೊಳ್ಳಿ. ನನ್ನ ಕಿಟ್, ಬೇರಿಂಗ್, ದಾರ, ಹೊಲಿಗೆ ಎಲ್ಲ ಸೇರಿಸಿದರೆ ಒಂದು ಬರುತ್ತಿತ್ತು.

ಕಾಕಾಗೆ ಆರು ತಿಂಗಳು ತೋರಿಸಿರಲಿಲ್ಲ. ಒಂದು ದಿನ ಅವರೇ ಕೇಳಿದರು. ಬೂದಿ ಬಣ್ಣದ ಆ ರೀಲನ್ನು ಕೈಗಿಟ್ಟೆ. ಬಣ್ಣದ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಣ್ಣು ಈಗ ಅಷ್ಟು ಕಾಣುವುದಿಲ್ಲ ಅವರಿಗೆ. ಕಿವಿಯ ಹತ್ತಿರ ಹಿಡಿದು ಹ್ಯಾಂಡಲನ್ನು ಎರಡು ಸುತ್ತು ತಿರುಗಿಸಿದರು. “ದನಿ ಹೋಗೇತಲ್ಲೋ ತಮ್ಮಾ” ಅಂದರು.

ಯಾರ ಹತ್ತಿರವಾದರೂ 5000ರ ಹಳೇ ಮೇನ್ ಗೇರು, ಆ ಕಾಲದ ಬಲಬದಿ ಎಡಬದಿ ತಟ್ಟೆಗಳು ಇದ್ದರೆ ತಿಳಿಸಿ. ಕೆಂಪೇ ಆಗಬೇಕೆಂದಿಲ್ಲ. ಹಲ್ಲು ಪೂರ್ತಿ ಇದ್ದರೆ ಸಾಕು.