ಒಂದೇ ಜೋಡಿ ಹಾರ್ನ್, ಎರಡು ಥರದ ಟ್ಯೂನಿಂಗ್: ಕಾಯಿಲ್ ಕ್ರಾಸ್‌ಓವರ್ ಮತ್ತು ಡಿಎಸ್‌ಪಿ

ಹಾರ್ನ್ ಸ್ಪೀಕರ್ ಅಂದ ಕೂಡಲೇ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು ರಾಜ್ಯೋತ್ಸವಕ್ಕೆ ಕಂಬಕ್ಕೆ ಕಟ್ಟುವ ಮೈಕು. ಮನೆಯಲ್ಲಿ ಹಾಡು ಕೇಳುವ ಹಾರ್ನಿಗೂ ಅದಕ್ಕೂ ತತ್ವ ಒಂದೇ. ಪುಟ್ಟ ಡಯಾಫ್ರಮ್ಮು ಇಕ್ಕಟ್ಟಾದ ಗಂಟಲಿಗೆ ಗಾಳಿ ತಳ್ಳುತ್ತದೆ, ಹಾರ್ನು ಅದನ್ನು ಮೆಲ್ಲಗೆ ಅಗಲಿಸುತ್ತಾ ಕೋಣೆಗೆ ದಾಟಿಸುತ್ತದೆ. ಆಂಪ್ಲಿಫೈಯರಿಗೆ ಕೆಲವೇ ವಾಟ್ ಇದ್ದ ಕಾಲದಲ್ಲಿ ಸಿನಿಮಾ ಮಂದಿರ ತುಂಬಿಸಿದ್ದು ಇವೇ. ಅಮೆರಿಕದ ಪಾಲ್ ಕ್ಲಿಪ್ಶ್ 1946ರಲ್ಲಿ ಮಾರಾಟಕ್ಕೆ ತಂದ ಮೂಲೆ ಹಾರ್ನು ಒಂದು ವಾಟಿಗೆ 105 ಡೆಸಿಬೆಲ್ ಕೊಡುತ್ತದೆ. 90 ಡೆಸಿಬೆಲ್ಲಿನ ಸ್ಪೀಕರು ಅಷ್ಟೇ ಸದ್ದು ಮಾಡಬೇಕಾದರೆ 32 ವಾಟ್ ಕುಡಿಯುತ್ತದೆ.

ನಮ್ಮದು ಬಸವನಗುಡಿಯ ಹಳೇ ಮನೆ. ಹಾಲ್ 18 ಅಡಿಗೆ 12 ಅಡಿ, ರೆಡ್ ಆಕ್ಸೈಡ್ ನೆಲ. ಕೆಳಗೆ 15 ಇಂಚಿನ ವೂಫರ್ (ತಗ್ಗಿನ ಸ್ವರಗಳ ಸ್ಪೀಕರ್) ಪೆಟ್ಟಿಗೆ, ಅದರ ಮೇಲೆ ಮರದ ದುಂಡು ಹಾರ್ನ್. ಪ್ಲೈವುಡ್ ಉಂಗುರಗಳನ್ನು ಒಂದರ ಮೇಲೊಂದು ಅಂಟಿಸಿ ಲೇತಿನಲ್ಲಿ ಕಡೆಸಿದ್ದು. ಆಕಾರ ಟ್ರ್ಯಾಕ್ಟ್ರಿಕ್ಸ್ ಎಂಬ ಬಾಗು, 400 ಹರ್ಟ್ಜ್‌ಗೆ ಲೆಕ್ಕ ಹಾಕಿದ್ದು: ಬಾಯಿ 27 ಸೆಂಟಿಮೀಟರ್, ಉದ್ದ 28. ಹಿಂದೆ ಒಂದಿಂಚು ಗಂಟಲಿನ ಕಂಪ್ರೆಷನ್ ಡ್ರೈವರ್, ಡಯಾಫ್ರಮ್ ಇರುವುದು ಅದರೊಳಗೆ. ವೂಫರಿನಿಂದ ಹಾರ್ನಿಗೆ ಸ್ವರಗಳು ದಾಟುವುದು, ಅಂದರೆ ಕ್ರಾಸ್‌ಓವರ್ ಅವನ್ನು ಎರಡಕ್ಕೂ ಹಂಚುವುದು, 1000 ಹರ್ಟ್ಜ್‌ನಲ್ಲಿ.

ಸಾಮಾನು ಜೋಡಿಸುವುದು ನಾಲ್ಕು ಭಾನುವಾರದ ಕೆಲಸ. ವೂಫರು, ಹಾರ್ನು ಎರಡನ್ನೂ ಒಂದೇ ಸ್ಪೀಕರಿನಂತೆ ಮಾತಾಡಿಸಲು ನನಗೆ ವರ್ಷವೇ ಹಿಡಿಯಿತು. ಅದಕ್ಕೆ ಇರುವ ಎರಡು ದಾರಿಗಳನ್ನೂ ಇದೇ ಹಾಲಿನಲ್ಲಿ ತಲಾ ಆರು ತಿಂಗಳು ಕೇಳಿ ನೋಡಿದ್ದೇನೆ.

ಪರೀಕ್ಷೆಗೆ ನಾನು ಹಿಡಿದದ್ದು ಮೃದಂಗ. ಎಡಗಡೆಯ ತೊಪ್ಪಿಯ ‘ತೊಂ’ ಪೂರ್ತಿ ವೂಫರಿಂದ ಬರುತ್ತದೆ, ಬಲಗಡೆಯ ‘ನಂ’ ಮತ್ತು ಚಾಪಿನ ಹೊಳಪೆಲ್ಲ ಹಾರ್ನಿಂದ. ಟ್ಯೂನಿಂಗ್ ತಪ್ಪಿದರೆ ಒಂದು ವಾದ್ಯ ಎರಡಾಗಿ ಒಡೆಯುತ್ತದೆ. ನಮ್ಮ ದೊಡ್ಡಪ್ಪ ನಲವತ್ತು ವರ್ಷ ಮೃದಂಗ ನುಡಿಸಿದವರು. ಮೊದಲ ಸಲ ಕೂತು ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ಚಾಪು ಚೆನ್ನಾಗಿದೆ ಕಣೋ. ಆದ್ರೆ ತೊಪ್ಪಿ ಬೇರೆ ಯಾರೋ ನುಡಿಸ್ತಾ ಇದಾರೆ.” ಆ ಮಾತು ಮನಸ್ಸಿಂದ ಹೋಗಲೇ ಇಲ್ಲ.

ಮೊದಲ ದಾರಿ ಕಾಯಿಲ್, ಕೆಪಾಸಿಟರು, ರೆಸಿಸ್ಟರುಗಳದ್ದು. ಎಂಟು ವಾಟಿನ ಒಂದೇ ವಾಲ್ವ್ ಆಂಪ್ಲಿಫೈಯರ್, ಅಲ್ಲಿಂದ ಬಂದ ತಂತಿ ಕ್ರಾಸ್‌ಓವರಿನಲ್ಲಿ ಎರಡಾಗುತ್ತದೆ. ಎಸ್‌.ಪಿ. ರಸ್ತೆಯಲ್ಲಿ ತಾಮ್ರದ ವೈಂಡಿಂಗ್ ವೈರ್ ತಂದು 2.5 ಮಿಲಿಹೆನ್ರಿ ಕಾಯಿಲ್‌ಗಳನ್ನು ನಾನೇ ಸುತ್ತಿದೆ, ಜೊತೆಗೆ 10 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರು. ಎಂಟು ಓಮಿಗೆ, 1000 ಹರ್ಟ್ಜ್‌ನಲ್ಲಿ, ಆಕ್ಟೇವಿಗೆ (ಒಂದು ಸ್ಥಾಯಿಗೆ) 12 ಡೆಸಿಬೆಲ್ ಇಳಿಯುವ ಲಿಂಕ್‌ವಿಟ್ಜ್-ರೈಲಿ ಎಂಬ ಫಿಲ್ಟರಿನ ಲೆಕ್ಕ ಅದು. ಹಾರ್ನು ವೂಫರಿಗಿಂತ ಸುಮಾರು 10 ಡೆಸಿಬೆಲ್ ಜೋರು. ಅದನ್ನು ತಗ್ಗಿಸಲು ಎಲ್-ಪ್ಯಾಡ್ ಎಂಬ ರೆಸಿಸ್ಟರ್ ಜೋಡಿ ಬೇಕು: ಸಾಲಿನಲ್ಲಿ 5.6 ಓಮ್, ಡ್ರೈವರಿಗೆ ಅಡ್ಡಲಾಗಿ 3.9 ಓಮ್.

ಪುಸ್ತಕದ ಪ್ರಕಾರ ಈ ಜೋಡಣೆಯಲ್ಲಿ ಹಾರ್ನಿನ ಪ್ಲಸ್-ಮೈನಸ್ ಅದಲು ಬದಲು ಮಾಡಬೇಕು. ಮಾಡಿದೆ. 1000 ಹರ್ಟ್ಜ್‌ನಲ್ಲಿ ಅಳತೆಯ ಗ್ರಾಫಿನಲ್ಲಿ ಗುಂಡಿ ಬಿತ್ತು, ಅಂದರೆ ಸದ್ದು ಅಲ್ಲಿ ಕುಸಿಯಿತು! ತಂತಿ ನೇರ ಮಾಡಿದರೆ ಗುಂಡಿ ಮುಚ್ಚಿಕೊಂಡಿತು. ಕಾರಣ ಹೊಳೆಯಲು ವಾರವೇ ಹಿಡಿಯಿತು. ಹಾರ್ನಿನ ಬಾಯಿಯನ್ನು ಪೆಟ್ಟಿಗೆಯ ಮುಂಭಾಗಕ್ಕೆ ಸರಿಯಾಗಿ ಇಟ್ಟಿದ್ದೆ, ಆದರೆ ಸದ್ದು ಹುಟ್ಟುವ ಡಯಾಫ್ರಮ್ ಇರುವುದು ಹಾರ್ನಿನ ಹಿಂತುದಿಯಲ್ಲಿ, ವೂಫರಿನ ಒಳಗಿನ ಕಾಯಿಲಿಗಿಂತ 20 ಸೆಂಟಿಮೀಟರ್ ಹಿಂದೆ. 1000 ಹರ್ಟ್ಜ್ ಅಲೆಯ ಉದ್ದ 34 ಸೆಂಟಿಮೀಟರ್. ಅಂದರೆ ಹಾರ್ನಿನ ಸದ್ದು ಅರ್ಧ ಅಲೆಗಿಂತ ಸ್ವಲ್ಪ ಹೆಚ್ಚೇ ತಡವಾಗಿ ಬರುತ್ತಿತ್ತು. ತಂತಿ ನೇರ ಮಾಡಿದಾಗ ಗ್ರಾಫ್ ನೆಟ್ಟಗಾಯಿತೇ ಹೊರತು ತಡವೇನೂ ಹೋಗಿರಲಿಲ್ಲ. ದೊಡ್ಡಪ್ಪನ ಕಿವಿಗೆ ಸಿಕ್ಕಿದ್ದು ಆ 0.6 ಮಿಲಿಸೆಕೆಂಡು ಅಂತಲೇ ನಾನು ನಂಬಿದ್ದೇನೆ.

ಈ ದಾರಿಯಲ್ಲಿ ಅದಕ್ಕೆ ಮದ್ದು ಒಂದೇ, ಹಾರ್ನನ್ನು ಕೈಯಾರೆ ಮುಂದೆ ಸರಿಸುವುದು. ಪೆಟ್ಟಿಗೆಯ ಮೇಲೆ ಎರಡು ಮರದ ಹಳಿ ಹಾಕಿ, ಒಂದೊಂದೇ ಸೆಂಟಿಮೀಟರ್ ಜರುಗಿಸುತ್ತಾ ಹೋದೆ. 20 ಸೆಂಟಿಮೀಟರ್ ಮುಂದೆ ಚಾಚಿ ತಂತಿ ಅದಲು ಬದಲು ಮಾಡಿದಾಗ ಮೃದಂಗ ಒಂದಾಯಿತು. ಡ್ರೈವರಿನ ಅಯಸ್ಕಾಂತದ ಭಾರ ಹಿಂದೆ ಇರುವುದರಿಂದ ಹಾರ್ನು ಮಗುಚಲಿಲ್ಲ. ಆದರೆ 12 ಅಡಿ ಅಗಲದ ಹಾಲಿನಲ್ಲಿ ಓಡಾಡುವವರ ಮೊಣಕೈಗೆಲ್ಲ ಅದರ ಅಂಚು ತಗಲುತ್ತಿತ್ತು. ಅಮ್ಮ ಕಸ ಗುಡಿಸುವಾಗ ಎರಡು ಸಲ ಜರುಗಿಹೋಗಿ, ಮತ್ತೆ ಮೊದಲಿಂದ ಅಳೆದೆ.

ಎರಡನೇ ದಾರಿ ಡಿಎಸ್‌ಪಿ, ಅಂದರೆ ಡಿಜಿಟಲ್ ಸಿಗ್ನಲ್ ಪ್ರೊಸೆಸರ್. ಕ್ರಾಸ್‌ಓವರ್ ಕೆಲಸವನ್ನೆಲ್ಲ ಒಂದು ಪುಟ್ಟ ಡಿಜಿಟಲ್ ಪೆಟ್ಟಿಗೆ ಮಾಡುತ್ತದೆ. ಅದರಿಂದ ಮುಂದೆ ವೂಫರಿಗೊಂದು ಆಂಪ್ಲಿಫೈಯರ್, ಹಾರ್ನಿಗೊಂದು. ಅಳೆಯಲು ಯುಎಸ್‌ಬಿ ಮೈಕ್ರೋಫೋನು, ಲ್ಯಾಪ್‌ಟಾಪಿನಲ್ಲಿ ರೂಮ್ ಇಕ್ಯೂ ವಿಝರ್ಡ್ ಎಂಬ ಉಚಿತ ಸಾಫ್ಟ್‌ವೇರ್. ಖರ್ಚು ಮೊದಲ ದಾರಿಯ ಮೂರರಷ್ಟಾಯಿತು.

ಇಲ್ಲಿ ಹಾರ್ನನ್ನು ಅಲುಗಿಸುವ ಮಾತೇ ಇಲ್ಲ. ಬಾಯಿ ಪೆಟ್ಟಿಗೆಯ ಅಂಚಿಗೇ ಇರಲಿ, ವೂಫರನ್ನು ತಡ ಮಾಡಿದರೆ ಆಯಿತು. ಸರಿಯಾದ ತಡ ಎಷ್ಟೆಂದು ಹುಡುಕುವ ಉಪಾಯವೂ ಸೊಗಸಾಗಿದೆ. ಆಕ್ಟೇವಿಗೆ 24 ಡೆಸಿಬೆಲ್ಲಿನ ಫಿಲ್ಟರಿನಲ್ಲಿ ಎರಡೂ ಡ್ರೈವರಿನ ತಂತಿ ನೇರವಾಗಿರಬೇಕು. ಬೇಕೆಂದೇ ಹಾರ್ನಿನ ಪೋಲಾರಿಟಿ (ಪ್ಲಸ್-ಮೈನಸ್) ಉಲ್ಟಾ ಮಾಡಿ, ತಡವನ್ನು 0.02 ಮಿಲಿಸೆಕೆಂಡಿನಂತೆ ಏರಿಸುತ್ತಾ, ಪ್ರತಿ ಸಲವೂ ಅಳೆಯಿರಿ. 1000 ಹರ್ಟ್ಜ್‌ನಲ್ಲಿ ಗುಂಡಿ ಎಲ್ಲಕ್ಕಿಂತ ಆಳವಾಗಿ, ಎರಡೂ ಬದಿ ಸಮವಾಗಿ ಬಿದ್ದ ಜಾಗವೇ ಸರಿಯಾದ ತಡ. ಆಮೇಲೆ ಪೋಲಾರಿಟಿ ನೇರ ಮಾಡಿದರೆ ಗುಂಡಿ ಇದ್ದಲ್ಲಿ ಸಮತಟ್ಟು. ಲೆಕ್ಕ ತಪ್ಪದೆ ನನಗೂ 0.6 ಮಿಲಿಸೆಕೆಂಡ್ ಹತ್ತಿರವೇ ಬಂತು. ಇದನ್ನು ರಾತ್ರಿ ಹನ್ನೊಂದರ ಮೇಲೆ ಮಾಡಿ. ಸಂಜೆ ತರಕಾರಿ ಗಾಡಿಯ ಮೈಕು, ಪಕ್ಕದ ಮನೆಯ ಕುಕ್ಕರ್ ವಿಷಲ್ಲು ಎಲ್ಲವೂ ಗ್ರಾಫಿನಲ್ಲಿ ಮೂಡುತ್ತವೆ.

ಡಿಎಸ್‌ಪಿಯ ಇನ್ನೊಂದು ಉಪಕಾರ ಕೆಳಗಿನ ಸ್ವರಗಳದ್ದು. ಹಾಲಿನ 12 ಅಡಿ ಅಗಲಕ್ಕೆ 47 ಹರ್ಟ್ಜ್‌ನಲ್ಲಿ ಕೋಣೆಯೇ ಗುಂಯ್‌ಗುಡುತ್ತದೆ. ಒಂದೇ ಫಿಲ್ಟರಿನಲ್ಲಿ ಅದನ್ನು 6 ಡೆಸಿಬೆಲ್ ಇಳಿಸಿದೆ, ತೊಪ್ಪಿಯ ಗುಮ್ಕಿ ಬಿಡಿಬಿಡಿಯಾಗಿ ಕೇಳತೊಡಗಿತು. ಕಾಯಿಲ್ ದಾರಿಯಲ್ಲಿ ಇದೇ ಫಲಕ್ಕೆ ಪೆಟ್ಟಿಗೆಗಳನ್ನು ಮೂಲೆಯಿಂದ ಎಳೆದು ಎಳೆದು ಸಾಕಾಗಿತ್ತು.

ಆದರೆ ಇದರಲ್ಲಿ ಎರಡು ಪೆಟ್ಟು ತಿಂದಿದ್ದೇನೆ. ಒಂದು, ಹಾರ್ನು ನೇರ ಆಂಪ್ಲಿಫೈಯರಿಗೆ ಸೇರಿದ್ದರಿಂದ ‘ಸ್ಸ್’ ಎನ್ನುವ ಸದ್ದು ಹತ್ತಡಿ ದೂರಕ್ಕೂ ಕೇಳುತ್ತಿತ್ತು. ಡಿಎಸ್‌ಪಿಯಲ್ಲಿ ಹಾರ್ನಿನ ಮಟ್ಟ ಇಳಿಸಿದರೆ ಸಂಗೀತ ಇಳಿಯುತ್ತದೆ, ಆಂಪ್ಲಿಫೈಯರಿನ ಸ್ವಂತ ಸದ್ದು ಹಾಗೇ ಉಳಿಯುತ್ತದೆ. ಕೊನೆಗೆ ಹಳೇ ಎಲ್-ಪ್ಯಾಡನ್ನೇ ತೆಗೆದು ಆಂಪ್ಲಿಫೈಯರಿಗೂ ಡ್ರೈವರಿಗೂ ನಡುವೆ ಹಾಕಿದೆ, ಸದ್ದು ಅಡಗಿತು. ಇನ್ನೊಂದು ದುಬಾರಿ ಪಾಠ. ಮಳೆಗಾಲದ ಒಂದು ಸಂಜೆ ಕರೆಂಟು ಹೋಗಿ ಬಂದಾಗ ‘ಧಡ್’ ಅಂತ ಸದ್ದಾಯಿತು, ಎಡಗಡೆಯ ಡಯಾಫ್ರಮ್ ಸತ್ತುಹೋಯಿತು. ಕಾಯಿಲ್ ದಾರಿಯಲ್ಲಿ ಕೆಪಾಸಿಟರು ತಾನಾಗಿಯೇ ಕಾವಲಿರುತ್ತದೆ, ಇಲ್ಲಿ ಆ ಕಾವಲು ನಾವೇ ಹಾಕಬೇಕು. ಈಗ ಎರಡೂ ಹಾರ್ನಿನ ಸಾಲಿನಲ್ಲಿ 47 ಮೈಕ್ರೋಫ್ಯಾರಡ್ ಇದೆ, ಎಂಟು ಓಮಿಗೆ ಸುಮಾರು 420 ಹರ್ಟ್ಜ್‌ನಿಂದ ಕೆಳಗಿನದನ್ನು ಅದು ತಡೆಯುತ್ತದೆ. ಅದನ್ನು ಹಾಕಿದ ಮೇಲೆ ತಡವನ್ನು ಮತ್ತೊಮ್ಮೆ ಅಳೆಯಬೇಕು.

ಎರಡೂ ದಾರಿಗೆ ಸೇರಿದ್ದು ಹಾರ್ನಿನ ಮುಖ. ಎರಡೂ ಹಾರ್ನುಗಳನ್ನು ಒಳಮುಖವಾಗಿ ತಿರುಗಿಸಿ, ಅವುಗಳ ದೃಷ್ಟಿ ನಾವು ಕೂರುವ ಜಾಗಕ್ಕಿಂತ ಒಂದಡಿ ಮುಂದೆ ಕೂಡುವಂತೆ ಇಟ್ಟಾಗ ನನಗೆ ಗಾಯಕರ ಧ್ವನಿ ನಡುಮಧ್ಯೆ ನಿಂತಿತು, ಕೂತವರು ಅತ್ತಿತ್ತ ವಾಲಿದರೂ ಕದಲಲಿಲ್ಲ. ನೆಲಕ್ಕೆ ದಪ್ಪ ಜಮಖಾನ ಹಾಸಲೇಬೇಕು, ರೆಡ್ ಆಕ್ಸೈಡ್ ನೆಲ ಕನ್ನಡಿಯ ಹಾಗೆ ಸದ್ದನ್ನು ಎಸೆಯುತ್ತದೆ.

ಕಿವಿಗೆ ಯಾವುದು ಮೇಲು? ಹಾರ್ನನ್ನು ಸರಿಯಾಗಿ ಮುಂದೆ ಚಾಚಿದ್ದಾಗ, ತಂಬೂರಿ ಮತ್ತು ಗಂಡು ಧ್ವನಿಗೆ ನನಗೆ ಕಾಯಿಲ್ ದಾರಿಯೇ ಹೆಚ್ಚು ಹಿತವಾಗಿತ್ತು. ಮೃದಂಗ, ಘಟಕ್ಕೆ ಡಿಎಸ್‌ಪಿ ಬಹಳ ಮುಂದೆ. ಈ ಅಳತೆಯ ಹಾಲಿಗೆ ನಾನು ಆರಿಸಿಕೊಂಡದ್ದು ಡಿಎಸ್‌ಪಿಯನ್ನೇ, ಹಾರ್ನಿಗೆ ಮಾತ್ರ ಅದೇ ವಾಲ್ವ್ ಆಂಪ್ಲಿಫೈಯರ್ ಉಳಿಸಿಕೊಂಡೆ. ಗ್ರಾಫ್ ಸಮತಟ್ಟಾದ ಮೇಲೂ ಹಾರ್ನನ್ನು ಅರ್ಧ ಡೆಸಿಬೆಲ್ ಇಳಿಸಿದ್ದು ದೊಡ್ಡಪ್ಪನ ಮಾತಿಗೆ. ಅವತ್ತು ಅವರು ಒಂದು ತನಿ ಆವರ್ತನ ಪೂರ್ತಿ ಕೇಳಿದರು, ತೊಡೆಯ ಮೇಲೆ ತಾಳ ಹಾಕುತ್ತಾ, ಮಾತಾಡದೆ.

ಕಾಯಿಲ್ ಕ್ರಾಸ್‌ಓವರುಗಳು ಈಗ ಮೈಸೂರಿನಲ್ಲಿ ನಮ್ಮ ಸೋದರಮಾವನ ಮಗನ ಮನೆಯಲ್ಲಿವೆ, ಹಳಿಗಳ ಸಮೇತ. ಅವನದು ತೊಟ್ಟಿ ಮನೆಯ ಅಗಲವಾದ ಪಡಸಾಲೆ. ಅಲ್ಲಿ ಅವನ ಹಾರ್ನು 20 ಸೆಂಟಿಮೀಟರ್ ಮುಂದೆ ಚಾಚಿಕೊಂಡಿದ್ದರೂ ಯಾರ ಮೊಣಕೈಗೂ ತಗಲುವುದಿಲ್ಲ.